ಮೇಣ ಜಾಗ ಬಿಡುತ್ತದೆ, ಮೂಳೆ ಬಿಡುವುದಿಲ್ಲ



ನಮ್ಮ ಕರಾವಳಿಯ ದೈವದ ಮನೆಗಳಲ್ಲಿ ಪಂಜುರ್ಲಿಯ ಮೊಗವನ್ನು ನೀವು ನೋಡಿರಬಹುದು. ಹಂದಿಯದೇ ಮೂತಿ, ಹೊರಗೆ ಚಾಚಿದ ಕೋರೆಹಲ್ಲು. ಕೆಲವು ಮೊಗಗಳು ಮರದವು, ಕೆಲವು ಕಂಚು ಅಥವಾ ಹಿತ್ತಾಳೆಯವು. ಲೋಹಕ್ಕೆ ಪ್ರಾಣಿಯ ರೂಪ ಬರುವುದು ಹೇಗೆ? ಪ್ರಾಣಿಯ ಮೂಳೆಯನ್ನೇ ಜೇಡಿಮಣ್ಣಿನಲ್ಲಿ ಹುದುಗಿಸಿ, ಬೆಂಕಿಯಲ್ಲಿ ಸುಟ್ಟುಹಾಕಿ, ಖಾಲಿಯಾದ ಜಾಗಕ್ಕೆ ಕರಗಿದ ಕಂಚು ಸುರಿದರೆ ಕಂಚಿನ ಮೂಳೆ ಸಿಗಬೇಕಲ್ಲವೇ?

ಸಿಗುವುದಿಲ್ಲ. ಏಕೆಂದರೆ ಜಾಗ ಖಾಲಿಯಾಗುವುದೇ ಇಲ್ಲ!

ಒಣಗಿದ ಮೂಳೆಯ ತೂಕದಲ್ಲಿ ಸುಮಾರು ಮೂರನೇ ಎರಡು ಪಾಲು ಕ್ಯಾಲ್ಸಿಯಂ ಮತ್ತು ರಂಜಕ ಇರುವ ಖನಿಜ. ಉಳಿದದ್ದರಲ್ಲಿ ಹೆಚ್ಚಿನದು ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳು. ಬೆಂಕಿಗೆ ಹಾಕಿದಾಗ ಎಳೆಗಳು ಉರಿದು ಹೋಗುತ್ತವೆ. ಖನಿಜ ಮಾತ್ರ ಬೆಳ್ಳಗೆ, ಪೆಡಸಾಗಿ, ಮೂಳೆಯ ಆಕಾರದಲ್ಲೇ ಉಳಿಯುತ್ತದೆ. ಲೋಹ ಒಳಗೆ ಹೋಗುವುದೆಲ್ಲಿಂದ?

ಆದ್ದರಿಂದ ಎರಕದವರು ಮೇಣವನ್ನು ನಂಬಿದರು. ಜೇನುಮೇಣ ಸುಮಾರು 62 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ಮೇಣದಲ್ಲಿ ರೂಪ ತಿದ್ದಿ, ಮೇಲೆ ಜೇಡಿಮಣ್ಣು ಬಳಿದು ಒಣಗಿಸುತ್ತಾರೆ. ಕಾಯಿಸಿದರೆ ಮೇಣ ಹರಿದು ಹೊರಬರುತ್ತದೆ, ಒಳಗೆ ಅದೇ ಆಕಾರದ ಟೊಳ್ಳು ಉಳಿಯುತ್ತದೆ. ಅದಕ್ಕೆ ಸುಮಾರು ಸಾವಿರ ಡಿಗ್ರಿಯಲ್ಲಿ ಕರಗಿದ ಕಂಚನ್ನು ಸುರಿಯುತ್ತಾರೆ. ಗಾಳಿ ಹೊರಹೋಗಲು ಬೇರೆ ದಾರಿ ಇರಬೇಕು. ಮಣ್ಣಿನಲ್ಲಿ ನೀರಿನ ಪಸೆ ಉಳಿದಿದ್ದರಂತೂ ಅದು ಒಮ್ಮೆಲೇ ಆವಿಯಾಗಿ ಲೋಹ ಸಿಡಿಯುತ್ತದೆ, ಇದು ಬಹಳ ಅಪಾಯ. ತಣಿದ ಮೇಲೆ ಅಚ್ಚನ್ನು ಒಡೆಯುತ್ತಾರೆ. ಮೊಹೆಂಜೊದಾರೊದ ನರ್ತಕಿಯ ಪುಟ್ಟ ವಿಗ್ರಹವನ್ನು ಎರಕ ಹೊಯ್ದದ್ದೂ ಹೀಗೆಯೇ.

ಬ್ರಿಟನ್ನಿನ ಶಿಲ್ಪಿ ಹೆನ್ರಿ ಮೂರ್ (1898–1986) ಮೂಳೆಗಳನ್ನು ಆಸಕ್ತಿಯಿಂದ ಕೂಡಿಡುತ್ತಿದ್ದರು. ಹಕ್ಕಿಯ ಮೂಳೆಯ ಚೂರೊಂದರ ತೆಳು ಅಂಚನ್ನು ಕಂಡು 1961ರಲ್ಲಿ ಆಳಿಗಿಂತ ಎತ್ತರದ ಕಂಚಿನ ಆಕೃತಿಯನ್ನು ರೂಪಿಸಿದರು. ಮೂಳೆಯ ಯಥಾವತ್ ನಕಲು ಬೇಕೆನ್ನುವ ಶಿಲ್ಪಿಗಳು ಇಂದು ರಬ್ಬರಿನಂಥ ವಸ್ತುವಿನಲ್ಲಿ ಮೂಳೆಯ ಅಚ್ಚು ತೆಗೆದು, ಅದರೊಳಗೆ ಮೇಣ ಹೊಯ್ದು ಮೇಣದ ಮೂಳೆ ಮಾಡಿಕೊಳ್ಳುತ್ತಾರೆ. ಮುಂದಿನದು ಹಳೆಯ ದಾರಿಯೇ.

ಎಷ್ಟು ಲೋಹ ಬೇಕೆಂದು ಮೊದಲೇ ತಿಳಿಯುವುದು ಹೇಗೆ? ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥದಲ್ಲಿ ಉಪಾಯವಿದೆ: ಮೇಣವನ್ನು ತೂಗಿ, ಅದರ ಇಂತಿಷ್ಟು ಪಟ್ಟು ಲೋಹ ತೆಗೆದುಕೊಳ್ಳಿ. ಎಷ್ಟು ಸೊಗಸಾದ ಲೆಕ್ಕ! ಒಂದು ಘನ ಸೆಂಟಿಮೀಟರ್ ಮೇಣ ಸುಮಾರು 0.95 ಗ್ರಾಂ, ಅಷ್ಟೇ ಗಾತ್ರದ ಕಂಚು ಸುಮಾರು 8.8 ಗ್ರಾಂ. ಹಾಗಾದರೆ 200 ಗ್ರಾಂ ಮೇಣದ ಮೊಗಕ್ಕೆ ಎಷ್ಟು ಕಂಚು ಬೇಕು? ನೀವೇ ಲೆಕ್ಕ ಹಾಕಿ.

ಮಾಡಿ ನೋಡಿ

1. ಬೇಯಿಸಿ ತೊಳೆದ ಕೋಳಿಯ ಕಾಲಿನ ಮೂಳೆಯನ್ನು ವಿನೆಗರ್‌ನಲ್ಲಿ ಮುಳುಗಿಸಿಡಿ. ಎರಡು ದಿನಕ್ಕೊಮ್ಮೆ ವಿನೆಗರ್ ಬದಲಿಸಿ. ಒಂದು ವಾರದ ನಂತರ ಬಗ್ಗಿಸಿ ನೋಡಿ. ಇಲ್ಲಿ ಖನಿಜ ಹೋಗಿದೆ, ಎಳೆ ಉಳಿದಿದೆ. ಬೆಂಕಿಯಲ್ಲಿ ಆಗುವುದಕ್ಕೆ ಇದು ತದ್ವಿರುದ್ಧ.

2. ಗಂಗೊಳ್ಳಿ, ಮರವಂತೆ ಕಡೆಯವರಿಗೆ ಅಂಜಲ್ ಮೀನಿನ ಬೆನ್ನುಮೂಳೆಯ ಮಣಿ ಸುಲಭವಾಗಿ ಸಿಗುತ್ತದೆ. ಅದನ್ನು ಹಸಿ ಜೇಡಿಮಣ್ಣಿನಲ್ಲಿ ಒತ್ತಿ ತೆಗೆಯಿರಿ. ಮೇಣದ ಬತ್ತಿಯ ಚೂರುಗಳನ್ನು ಬಟ್ಟಲಲ್ಲಿ ಹಾಕಿ, ಆ ಬಟ್ಟಲನ್ನು ಬಿಸಿನೀರಿನಲ್ಲಿಟ್ಟು ಕರಗಿಸಿ. ಈ ಕೆಲಸವನ್ನು ಶಿಕ್ಷಕರೇ ಮಾಡಲಿ. ಕರಗಿದ ಮೇಣವನ್ನು ಮಣ್ಣಿನ ಗುಳಿಗೆ ಹೊಯ್ದು, ತಣಿದ ಮೇಲೆ ಬಿಡಿಸಿ. ಮೂಳೆ ಬೇಡವೆನ್ನುವವರು ಹಾಗಲಕಾಯಿಯ ತುಂಡು ಒತ್ತಿ. ಅದರ ಉಬ್ಬುತಗ್ಗು ಇನ್ನೂ ಚೆನ್ನಾಗಿ ಮೂಡುತ್ತದೆ.