ಚಕ್ರ ನಿಂತ ದಿನದ ಕೂಲಿ

ಪ್ಲಾಟ್‌ಫಾರ್ಮ್ ಟ್ರೈಲರ್ ಹತ್ತಿದ ಹೊಸ ಚಾಲಕನ ಫೋನಿಗೆ ಮೊದಲ ಟ್ರಿಪ್ಪಿನ ದಿನವೇ ಇಪ್ಪತ್ತು, ಮೂವತ್ತು ಸಾವಿರ ರೂಪಾಯಿ ಬಂದು ಬೀಳುತ್ತದೆ. ಡೀಸೆಲ್, ಹಮಾಲರ ಕೂಲಿ, ತೂಕದ ಕಾಂಟಾ, ದಾರಿ ಖರ್ಚು ಎಲ್ಲಕ್ಕೂ ಸೇರಿಸಿ ಮಾಲೀಕರು ಹಾಕುವ ಅಡ್ವಾನ್ಸ್ ಅದು. ಅದರಲ್ಲಿ ಚಾಲಕನ ಪಾಲು ಬಾಟಾ, ಅಂದರೆ ಟ್ರಿಪ್ ಭತ್ಯೆ ಮಾತ್ರ, ಉಳಿದದ್ದಕ್ಕೆಲ್ಲ ಅವನು ಲೆಕ್ಕ ಒಪ್ಪಿಸಬೇಕು. ಊರಿನಲ್ಲಿ ಮಾತ್ರ ‘ಟ್ರೈಲರ್ ಓಡಿಸ್ತಾನೆ, ಕೈತುಂಬ ದುಡ್ಡು’ ಎಂಬ ಮಾತು ಹಬ್ಬಿಬಿಡುತ್ತದೆ. ತಂಗಿಯ ಮದುವೆಗೆ, ಮನೆ ಕಟ್ಟೋಕೆ, ಚೀಟಿ ಹಾಕೋಕೆ ಎಲ್ಲರೂ ಆ ದುಡ್ಡನ್ನೇ ನಂಬಿ ಲೆಕ್ಕ ಹಾಕತೊಡಗುತ್ತಾರೆ.

ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಿಂದ ಉಕ್ಕು ಹೇರಿಕೊಂಡು ಬೆಂಗಳೂರು, ಚೆನ್ನೈ ಕಡೆ ಹೋಗುವ ಟ್ರೈಲರ್‌ಗಳ ಸಾಗಣೆ ಕಂಪನಿಯೊಂದರಲ್ಲಿ ನಾನು ಹೊಸಬನಾಗಿ ಸೇರಿದ್ದೆ. ಆ ಮೊದಲ ವರ್ಷ ನನಗೆ ತಿಳಿಸಿಕೊಟ್ಟ ಮುಖ್ಯ ಸಂಗತಿ ಇದು: ಚಾಲಕನ ತಿಂಗಳ ಆದಾಯವನ್ನು ನಿರ್ಧರಿಸುವುದು ಅವನು ಓಡಿಸಿದ ಕಿಲೋಮೀಟರ್‌ಗಿಂತ ಹೆಚ್ಚಾಗಿ ಗಾಡಿ ನಿಂತ ದಿನಗಳು, ಮತ್ತು ಆ ದಿನಗಳಿಗೆ ಯಾರು ದುಡ್ಡು ಕೊಡುತ್ತಾರೆ ಎಂಬುದು. ಟಿಪ್ಪರ್, ಟೆಂಪೊ ಬಿಟ್ಟು ಟ್ರೈಲರ್‌ಗೆ ಬರಬೇಕೆಂದಿರುವ ಹುಡುಗರಿಗೂ ಅವರ ಮನೆಯವರಿಗೂ ಇದು ಮೊದಲೇ ತಿಳಿದಿದ್ದರೆ ಒಳ್ಳೆಯದು.

ಕಟ್ಟುವುದೂ ಕೆಲಸವೇ

ಈ ಗಾಡಿಗೆ ಪಕ್ಕದ ಹಲಗೆಗಳಿಲ್ಲ, ಮೇಲೆ ಮುಚ್ಚಿಗೆಯಿಲ್ಲ. ಸುಮಾರು 40 ಅಡಿ ಉದ್ದದ ಬಯಲು ಹಾಸಿನ ಮೇಲೆ ಇಪ್ಪತ್ತು, ಇಪ್ಪತ್ತೈದು ಟನ್ನಿನ ಒಂದೇ ಕಾಯಿಲ್, ಅಂದರೆ ಉಕ್ಕಿನ ಹಾಳೆಯ ಸುರುಳಿ, ಕೂರಬಹುದು. 12 ಮೀಟರ್ ಉದ್ದದ ಕಂಬಿಗಳ ಕಟ್ಟು, ದಪ್ಪ ಪ್ಲೇಟುಗಳು ಬರಬಹುದು. ಕಾಯಿಲ್ ಉರುಳದಂತೆ ಎರಡೂ ಕಡೆ ಮರದ ತುಂಡು ಕೊಟ್ಟು, ಚೈನು ಹಾಕಿ, ಟರ್ನ್‌ಬಕಲ್ ತಿರುಗಿಸಿ ಬಿಗಿದು, ಬೆಲ್ಟ್ ಎಳೆದು, ಮೇಲೆ ತಾಡಪತ್ರಿ ಹೊದಿಸಬೇಕು. ಸ್ವಲ್ಪ ದೂರ ಓಡಿಸಿದ ಮೇಲೆ ನಿಲ್ಲಿಸಿ ಚೈನು ಮತ್ತೆ ನೋಡಬೇಕು, ಅಲುಗಾಟಕ್ಕೆ ಅದು ಸಡಿಲಾಗಿರುತ್ತದೆ. ಜೋರಾಗಿ ಬ್ರೇಕ್ ಹಾಕಿದಾಗ ಆ ಉಕ್ಕು ಮೊದಲು ಬರುವುದು ಕ್ಯಾಬಿನ್ನಿನ ಕಡೆಗೇ.

ಜೀವದ ಮಾತು ಹಾಗಿರಲಿ, ಇದರಲ್ಲಿ ದುಡ್ಡಿನ ಮಾತೂ ಇದೆ. ಉಕ್ಕಿಗೆ ಟನ್ನಿಗೆ 50,000 ರೂಪಾಯಿ ಎಂದಿಟ್ಟುಕೊಂಡರೂ 25 ಟನ್ನಿನ ಕಾಯಿಲ್ ಹನ್ನೆರಡೂವರೆ ಲಕ್ಷದ ಮಾಲು. ಸತು ಲೇಪಿಸಿದ ಶೀಟಿನ ಕಟ್ಟಿನೊಳಗೆ ಮಳೆನೀರು ಹೊಕ್ಕರೆ ಬಿಳಿ ಕಲೆ ಏಳುತ್ತದೆ. ಇಳಿಸಿಕೊಳ್ಳುವವರು ಎಲ್‌ಆರ್ (ಲಾರಿ ರಸೀದಿ) ಮೇಲೆ ‘ಮಾಲು ಒದ್ದೆ’ ಎಂದು ಬರೆದರೆ ಬಾಡಿಗೆಯಲ್ಲಿ ಕಡಿತವಾಗುತ್ತದೆ, ಆ ಕಡಿತ ಕೆಳಗಿಳಿಯುತ್ತ ಚಾಲಕನ ಬಾಟಾದವರೆಗೂ ಬರಬಹುದು. ಅದಕ್ಕೇ ಕಟ್ಟಿದ ಕೂಡಲೇ ನಾಲ್ಕೂ ಕಡೆಯಿಂದ, ತಾಡಪತ್ರಿ ಹಾಕುವ ಮೊದಲೂ ಹಾಕಿದ ಮೇಲೂ ಫೋಟೊ ತೆಗೆದು ಆಫೀಸಿಗೆ ಕಳಿಸುವುದನ್ನು ರೂಢಿ ಮಾಡಿಕೊಂಡೆ. ಮಾಲು ನನ್ನ ಕೈಗೆ ಹೇಗೆ ಬಂತು, ಯಾವ ಸ್ಥಿತಿಯಲ್ಲಿ ಹೊರಟಿತು ಎಂಬುದಕ್ಕೆ ಅಷ್ಟು ಗಟ್ಟಿ ಸಾಕ್ಷಿ ಬೇರೆ ಇಲ್ಲ.

ಹೇರುವಾಗಲೇ ‘ಆಗಲ್ಲ’ ಎನ್ನಬೇಕಾದ ಎರಡು ಸಂದರ್ಭಗಳಿವೆ. ಗಾಡಿಯ ಹಿಂದೆ ಕಂಬಿ ಚಾಚಿಕೊಂಡು ಹೋಗಲು ಇದ್ದ ಅವಕಾಶವನ್ನು ಕೇಂದ್ರ ಸರ್ಕಾರ 2014ರಲ್ಲಿ ತೆಗೆದುಹಾಕಿತು; ರಾತ್ರಿ ಹಿಂದಿನಿಂದ ಬಂದವರು ಆ ಕಂಬಿಗಳಿಗೆ ಸಿಕ್ಕಿ ಸತ್ತ ಅಪಘಾತಗಳು ಅಷ್ಟಿದ್ದವು. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ ಪ್ರಕಾರ ಹೊರಚಾಚಿದ ಮಾಲಿಗೆ 20,000 ರೂಪಾಯಿ ದಂಡ. ಮಿತಿಮೀರಿದ ತೂಕಕ್ಕೂ 20,000, ಅದರ ಮೇಲೆ ಹೆಚ್ಚಿನ ಪ್ರತಿ ಟನ್ನಿಗೆ 2,000. ಸಿಕ್ಕಿಬಿದ್ದಾಗ ಗಾಡಿಯಲ್ಲಿರುವವನು ಚಾಲಕ. ಕಾಂಟಾದ ಚೀಟಿ ಕೈಗೆ ಬಂದ ಮೇಲೇ ಗೇಟು ದಾಟಬೇಕು, ಅದರಲ್ಲಿನ ತೂಕ ಆರ್‌ಸಿಯಲ್ಲಿರುವ ಮಿತಿಯೊಳಗಿರಬೇಕು.

ಕಾಣುವ ಹಣ, ಉಳಿಯುವ ಹಣ

ನಾನು ಸೇರಿದ ಕಡೆ ತಿಂಗಳಿಗೆ 15,000 ರೂಪಾಯಿ ಸಂಬಳ, ಚೆನ್ನೈ ಟ್ರಿಪ್ಪಿಗೆ 3,500 ಬಾಟಾ. ಹೇರುವುದು, ಹೋಗುವುದು, ಇಳಿಸುವುದು, ವಾಪಸ್ ಬರುವುದು ಎಲ್ಲ ಸರಾಗವಾದರೆ ಐದು ದಿನಕ್ಕೊಂದು ಟ್ರಿಪ್. ಹಾಗೆ ತಿಂಗಳಿಗೆ ಆರು ಟ್ರಿಪ್ ಬಿದ್ದರೆ ಬಾಟಾ 21,000, ಸಂಬಳ ಸೇರಿ 36,000. ಊಟ, ಚಹಾ, ಸ್ನಾನಕ್ಕೆ ದಿನಕ್ಕೆ 350 ಹಿಡಿದರೂ 10,500 ಹೋಗಿ, ಪಿಎಫ್ ಕಡಿತವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, 25,500 ಮನೆಗೆ ಮುಟ್ಟುತ್ತದೆ.

ಪ್ರತಿ ಟ್ರಿಪ್ಪಿನಲ್ಲೂ ಇಳಿಸುವ ಕಡೆ ಎರಡು ದಿನ ನಿಲ್ಲಬೇಕಾಯಿತು ಎನ್ನಿ. ಟ್ರಿಪ್ ಏಳು ದಿನದ್ದಾಗಿ, ತಿಂಗಳಿಗೆ ನಾಲ್ಕಕ್ಕೆ ಇಳಿಯುತ್ತದೆ. ಬಾಟಾ 14,000, ಸಂಬಳ ಸೇರಿ 29,000. ಊಟದ ಖರ್ಚೋ ಅಷ್ಟೇ. ಮನೆಗೆ ಮುಟ್ಟುವುದು 18,500. ಅದೇ ಮನುಷ್ಯ, ಅದೇ ಗಾಡಿ, ಅದೇ ರಸ್ತೆ. ತಿಂಗಳಿಗೆ 7,000 ರೂಪಾಯಿ ವ್ಯತ್ಯಾಸ. ಆ ಮೊತ್ತದಲ್ಲಿ ಇಬ್ಬರು ಮಕ್ಕಳ ಶಾಲೆಯ ಫೀಸು ಇದೆ, ಅಮ್ಮನ ಔಷಧವಿದೆ.

ಗಾಡಿ ನಿಲ್ಲುವುದಕ್ಕೆ ಕಾರಣಗಳು ಬೇಕಾದಷ್ಟು. ಬೆಂಗಳೂರಿನ ಒಳಗೆ ಹಗಲು ಹೊತ್ತಿನಲ್ಲಿ ಭಾರಿ ವಾಹನಗಳಿಗೆ ಹಲವು ಕಡೆ ಪ್ರವೇಶವಿಲ್ಲ. ಚಿತ್ರದುರ್ಗ, ತುಮಕೂರು ದಾಟಿ ಬೆಳಿಗ್ಗೆಯೇ ನೆಲಮಂಗಲ ಮುಟ್ಟಿದರೂ ಪೀಣ್ಯದ ಕಡೆ ಹೋಗಲು ರಾತ್ರಿಯಾಗುವವರೆಗೆ ಕಾಯಬೇಕಾಗುತ್ತದೆ. ಗೋದಾಮಿನಲ್ಲಿ ಕ್ರೇನ್ ಕೆಟ್ಟಿರುತ್ತದೆ, ಮುಂದೆ ಗಾಡಿಗಳ ಸಾಲಿರುತ್ತದೆ, ‘ಇವತ್ತು ಜಾಗ ಇಲ್ಲ, ನಾಳೆ ಬಾ’ ಎನ್ನುತ್ತಾರೆ. ಖಾಲಿಯಾದ ಮೇಲೆ ವಾಪಸ್ ಲೋಡಿಗಾಗಿ ಮತ್ತೆ ಕಾಯಬೇಕು. ಮಾಲು ಗಾಡಿಯಲ್ಲಿರುವಷ್ಟು ಹೊತ್ತು ಸಾಗಣೆಗೆ ಬೇಕಾದ ಇ-ವೇ ಬಿಲ್ಲಿನ ಗಡುವೂ ಓಡುತ್ತಿರುತ್ತದೆ. ಸಾಮಾನ್ಯ ಸರಕಿಗೆ ಅದು 200 ಕಿಲೋಮೀಟರ್‌ಗೆ ಒಂದು ದಿನ. ದಾರಿಯಲ್ಲಿ ತಡವಾಗಿ ಅವಧಿ ಮುಗಿಯುವಂತಿದ್ದರೆ ಆಫೀಸಿಗೆ ಹೇಳಿ ವಿಸ್ತರಿಸಿಕೊಳ್ಳಬೇಕು. ಅದಕ್ಕಿರುವ ಸಮಯ ಗಡುವಿಗೆ ಎಂಟು ಗಂಟೆ ಮೊದಲಿನಿಂದ ಎಂಟು ಗಂಟೆ ನಂತರದವರೆಗೆ ಮಾತ್ರ.

ಕೀ ಹಿಡಿಯುವ ಮೊದಲು ಕೇಳಬೇಕಾದದ್ದು

ಕೂಡ್ಲಿಗಿ ಕಡೆಯ ಹಿರಿಯ ಚಾಲಕರೊಬ್ಬರು ನನಗೆ ಹೇಳಿದ್ದರು, ‘ತಮ್ಮಾ, ಗಾಡಿ ಓಡಿಸೋದು ಎಲ್ಲಾರೂ ಕಲೀತಾರೆ. ನಿಂತ್ರೆ ಏನು ಕೊಡ್ತೀರಿ ಅಂತ ಕೇಳೋದನ್ನ ಕಲಿ.’ ಅವರ ಮಾತಿನಂತೆ ಸೇರುವ ದಿನವೇ ಕೇಳಿದೆ. ‘ಹಾಲ್ಟಿಂಗ್ ಅಂತ ನಮ್ಮಲ್ಲಿ ಇಲ್ಲ’ ಎಂಬ ಉತ್ತರ ಬಂತು. ಅನುಭವ ಬೇಕಿತ್ತು, ಸೇರಿಕೊಂಡೆ. ಮುಂದಿನ ಕಂಪನಿಯಲ್ಲಿ ಅದೇ ಪ್ರಶ್ನೆಗೆ ಬೇರೆ ಉತ್ತರ ಸಿಕ್ಕಿತು: ಗಾಡಿ ಮುಟ್ಟಿದ ಮೊದಲ ದಿನ ಬಿಟ್ಟು, ನಂತರದ ಪ್ರತಿ ದಿನಕ್ಕೆ 500 ರೂಪಾಯಿ.

ಆ 500 ನನ್ನ ನಷ್ಟವನ್ನು ಪೂರ್ತಿ ತುಂಬಲಿಲ್ಲ, ಆದರೆ ಅದಕ್ಕಿಂತ ದೊಡ್ಡ ಲಾಭವೊಂದು ಇತ್ತು. ಅಲ್ಲಿ ಗಾಡಿ ನಿಂತರೆ ಮಾಲೀಕರ ಜೇಬಿನಿಂದಲೂ ದುಡ್ಡು ಹೋಗುತ್ತಿತ್ತು. ಹಾಗಾಗಿ ಆಫೀಸಿನವರು ಗೋದಾಮಿಗೆ ತಾವೇ ಫೋನ್ ಮಾಡಿ ಒತ್ತಾಯಿಸುತ್ತಿದ್ದರು, ಪಾರ್ಟಿಗೆ ಹಾಲ್ಟಿಂಗ್ ಬಿಲ್ ಕಳಿಸುತ್ತಿದ್ದರು, ಪದೇಪದೇ ನಿಲ್ಲಿಸುವವರ ಲೋಡನ್ನು ಒಪ್ಪಿಕೊಳ್ಳುವ ಮೊದಲು ಯೋಚಿಸುತ್ತಿದ್ದರು. ಕಾಯುವಿಕೆಗೆ ಬೆಲೆ ಬಿದ್ದ ಕೂಡಲೇ ಕಾಯುವಿಕೆಯೇ ಕಡಿಮೆಯಾಯಿತು. ಚಾಲಕನ ಸಮಯ ಪುಕ್ಕಟೆ ಸಿಗುವವರೆಗೆ ಅದನ್ನು ಉಳಿಸುವ ಆತುರ ಯಾರಿಗೂ ಇರುವುದಿಲ್ಲ.

ಇದು ದಯೆ ಬೇಡುವ ಮಾತಲ್ಲ. 1961ರಲ್ಲೇ ಬಂದ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಸಾಮಾನ್ಯವಾಗಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ಕೆಲಸಕ್ಕೆ ಮಿತಿ ಹಾಕಿತ್ತು, ಮೀರಿದ ಹೊತ್ತಿಗೆ ಎರಡರಷ್ಟು ಕೂಲಿ ಎಂದಿತ್ತು. ಸ್ಟೀರಿಂಗ್ ಹಿಡಿದ ಸಮಯದ ಜೊತೆಗೆ ಸರಕು ಹೇರುವ, ಇಳಿಸುವ, ಲೆಕ್ಕ ಬರೆಯುವ ಹೊತ್ತನ್ನೂ ಅದು ಕೆಲಸವೆಂದೇ ಎಣಿಸಿತ್ತು. ಕಾನೂನು ಬರೆದವರಿಗೆ ಅಷ್ಟು ಹಿಂದೆಯೇ ಕಂಡದ್ದು ಇವತ್ತಿನ ಬಾಟಾ ಪಟ್ಟಿಯಲ್ಲಿ ಕಾಣಿಸುತ್ತಿಲ್ಲ.

ಹಾಲ್ಟಿಂಗ್ ಪಡೆಯಲು ಪುರಾವೆ ಬೇಕು. ಗಾಡಿ ಮುಟ್ಟಿದ ಕೂಡಲೇ ಗೇಟಿನ ನಮೂದನ್ನು ಫೋಟೊ ತೆಗೆಯಿರಿ. ಎಲ್‌ಆರ್ ಮೇಲೆ ಬಂದ ಸಮಯ, ಬಿಟ್ಟ ಸಮಯ ಎರಡನ್ನೂ ಬರೆಸಿ ಸಹಿ, ಸೀಲು ಹಾಕಿಸಿಕೊಳ್ಳಿ. ಕೊನೆಯ ಟೋಲ್ ದಾಟಿದ ಫಾಸ್ಟ್ಯಾಗ್ ಮೆಸೇಜಿನಲ್ಲಿ ಸಮಯವಿರುತ್ತದೆ. ಅದು ಮಾಲೀಕರ ಫೋನಿಗೆ ಹೋಗುವುದರಿಂದ ಅವರಿಗೂ ಅನುಮಾನ ಉಳಿಯುವುದಿಲ್ಲ. ಬಾಯಿಮಾತಿನ ಹಾಲ್ಟಿಂಗ್ ತಿಂಗಳ ಕೊನೆಯ ಹೊತ್ತಿಗೆ ಕರಗಿಹೋಗಿರುತ್ತದೆ.

ಅಡ್ವಾನ್ಸ್ ಬೇರೆ, ಮನೆ ಬೇರೆ

ಟ್ರಿಪ್ಪಿನ ದುಡ್ಡಿಗೆ ನಾನು ಬೇರೆಯದೇ ಬ್ಯಾಂಕ್ ಖಾತೆ ಇಟ್ಟೆ. ಮನೆಗೆ ಕಳಿಸುವುದು ಆ ಖಾತೆಯಿಂದ ಅಲ್ಲವೇ ಅಲ್ಲ. ಲೆಕ್ಕ ಮುಗಿದು ಬಾಟಾ ನನ್ನದೆಂದು ಆದ ಮೇಲೇ ಅದು ಮನೆಯ ಖಾತೆಗೆ ಹೋಗುತ್ತಿತ್ತು. ಹೊಸ ಚಾಲಕರು ಮಾಲೀಕರಿಗೆ ಸಾಲಗಾರರಾಗುವುದು ಹೆಚ್ಚಾಗಿ ಇಲ್ಲಿಯೇ. ಮಾಲೀಕರ ದುಡ್ಡೂ ತಮ್ಮ ದುಡ್ಡೂ ಒಂದೇ ಫೋನಿನಲ್ಲಿ ಬೆರೆತು, ಟ್ರಿಪ್ ಲೆಕ್ಕದಲ್ಲಿ ಎರಡು ಸಾವಿರ ಬಾಕಿ ಬರುತ್ತದೆ. ಮುಂದಿನ ಟ್ರಿಪ್ಪಿಗೆ ಅದು ನಾಲ್ಕಾಗುತ್ತದೆ. ಬಾಕಿ ತೀರದೆ ಕೆಲಸ ಬಿಡುವಂತಿಲ್ಲ. ಮದುವೆ, ಹಬ್ಬ ಎಂದು ದೊಡ್ಡ ಮುಂಗಡ ತೆಗೆದುಕೊಂಡು ಹಾಲ್ಟಿಂಗ್ ಕೊಡದ ಕಡೆಯೇ ವರ್ಷಗಟ್ಟಲೆ ಉಳಿದವರನ್ನು ನೋಡಿದ್ದೇನೆ. ಬೇಡದ ಕಡೆ ಬಿಟ್ಟು ಹೋಗುವ ಸ್ವಾತಂತ್ರ್ಯವೇ ಚಾಲಕನ ಚೌಕಾಶಿಯ ಬಲ. ಮುಂಗಡ ಅದನ್ನು ಮೊದಲು ಕಸಿದುಕೊಳ್ಳುತ್ತದೆ.

ಡೀಸೆಲ್ಲಿನಲ್ಲೂ ದುಡ್ಡಿದೆ. ಚೆನ್ನೈಗೆ ಹೋಗುವ ದಾರಿಯನ್ನು 600 ಕಿಲೋಮೀಟರ್ ಎಂದು ಹಿಡಿಯಿರಿ, ಹೇರಿದ ಗಾಡಿ ಲೀಟರ್‌ಗೆ ಮೂರು ಕಿಲೋಮೀಟರ್ ಕೊಟ್ಟರೆ 200 ಲೀಟರ್ ಬೇಕು. ಹಿತವಾಗಿ ಓಡಿಸಿ 3.2 ತೆಗೆದರೆ ಹನ್ನೆರಡೂವರೆ ಲೀಟರ್ ಉಳಿಯುತ್ತದೆ. 90 ರೂಪಾಯಿ ದರದಲ್ಲಿ ಅದು 1,125. ಈ ಉಳಿತಾಯದಲ್ಲಿ ಚಾಲಕನಿಗೆ ಪಾಲು ಕೊಡುವ ಮಾಲೀಕರಿದ್ದಾರೆ. ಇದನ್ನೂ ಸೇರುವಾಗಲೇ ಕೇಳಿ.

ಸಂಬಳದ ಭಾಗ ಯಾಕೆ ದೊಡ್ಡದಿರಬೇಕು

‘ಸಂಬಳ 8,000, ಬಾಟಾ ಮಾತ್ರ ಭರ್ಜರಿ’ ಎನ್ನುವ ಕಂಪನಿಗಿಂತ ಸಂಬಳ ಹೆಚ್ಚಿಟ್ಟು ಬಾಟಾ ಹದವಾಗಿ ಕೊಡುವ ಕಂಪನಿಯನ್ನೇ ನಾನು ಆರಿಸಿಕೊಳ್ಳುತ್ತೇನೆ. ಜ್ವರ ಬಂದು ಮಲಗಿದಾಗ ಬಾಟಾ ಇಲ್ಲ, ಗಾಡಿ ಗ್ಯಾರೇಜಿನಲ್ಲಿದ್ದಾಗ ಬಾಟಾ ಇಲ್ಲ. ಸಾಲ ಕೊಡುವ ಬ್ಯಾಂಕಿನವರು ಕೇಳುವುದು ಸಂಬಳದ ಚೀಟಿ. ಪಿಎಫ್ ಲೆಕ್ಕ ನಿಲ್ಲುವುದೂ ಸಂಬಳದ ಮೇಲೆಯೇ. 15,000ಕ್ಕೆ ಶೇ 12ರಂತೆ ನನ್ನಿಂದ 1,800, ಮಾಲೀಕರಿಂದ 1,800, ವರ್ಷಕ್ಕೆ 43,200 ರೂಪಾಯಿ ನನ್ನ ಹೆಸರಿನಲ್ಲಿ ಸೇರುತ್ತದೆ, ಅದರಲ್ಲಿ ಒಂದು ಭಾಗ ಪಿಂಚಣಿಗೆ. ಸಂಬಳ 21,000 ಮೀರದಿದ್ದು ಕಂಪನಿ ಇಎಸ್‌ಐ ವ್ಯಾಪ್ತಿಯಲ್ಲಿದ್ದರೆ ಮನೆಯವರ ಚಿಕಿತ್ಸೆಗೂ ಆಧಾರ ಸಿಗುತ್ತದೆ.

ವಿಮೆಯನ್ನು ಮೊದಲ ತಿಂಗಳಲ್ಲೇ ಮುಗಿಸಿಬಿಡಿ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸತ್ತರೆ 2 ಲಕ್ಷ. ಜೀವನ ಜ್ಯೋತಿ ವರ್ಷಕ್ಕೆ 436 ರೂಪಾಯಿ, ಯಾವ ಕಾರಣದ ಸಾವಿಗೂ 2 ಲಕ್ಷ. ಎರಡೂ ಸೇರಿ 456 ರೂಪಾಯಿ. ಖಾಸಗಿ ವಾಣಿಜ್ಯ ವಾಹನ ಚಾಲಕರಿಗೆ ರಾಜ್ಯ ಸರ್ಕಾರದ ಅಪಘಾತ ಪರಿಹಾರ ಯೋಜನೆಯೂ ಇದೆ. ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ, ಯಾವ ಕಾಗದ ಎಲ್ಲಿದೆ ಎಂದು ಮನೆಯವರಿಗೆ ಹೇಳಿಟ್ಟು ಹೊರಡಿ.

ವರ್ಷ ಕಳೆದ ಮೇಲೆ ಫೈನಾನ್ಸಿನವರು ಬಂದು ‘ನೀನೇ ಗಾಡಿ ಮಾಡು’ ಎನ್ನುತ್ತಾರೆ. ಆಸೆ ತಪ್ಪಲ್ಲ. ಆದರೆ 40 ಲಕ್ಷ ಸಾಲಕ್ಕೆ ಶೇ 10ರ ಬಡ್ಡಿಯಲ್ಲಿ ಐದು ವರ್ಷಕ್ಕೆ ಕಂತು ತಿಂಗಳಿಗೆ ಸುಮಾರು 85,000 ಬರುತ್ತದೆ. ದಿನಕ್ಕೆ 2,800 ರೂಪಾಯಿಗೂ ಹೆಚ್ಚು. ಗಾಡಿ ಓಡಿದರೂ ನಿಂತರೂ ಅದನ್ನು ಕಟ್ಟಲೇಬೇಕು. ಚಾಲಕನಾಗಿ ನಿಂತ ದಿನಕ್ಕೆ ದುಡ್ಡು ವಸೂಲಿ ಮಾಡುವುದನ್ನು ಕಲಿಯದವನು ಮಾಲೀಕನಾದ ಮೇಲೆ ಮೊದಲ ಮಳೆಗಾಲದಲ್ಲೇ ಕಂತು ತಪ್ಪಿಸುತ್ತಾನೆ. ಎರಡು ವರ್ಷ ಬೇರೆಯವರ ಗಾಡಿಯಲ್ಲಿ ನಿಂತ ದಿನಗಳ ಲೆಕ್ಕ ಬರೆದಿಟ್ಟವನಿಗೆ ಮಾತ್ರ ತನ್ನ ಗಾಡಿ ಬದುಕುತ್ತದೋ ಇಲ್ಲವೋ ಮೊದಲೇ ಗೊತ್ತಾಗುತ್ತದೆ.

ಈ ಅಂಕಣ ಓದುವವರಲ್ಲಿ ಕಾರ್ಖಾನೆ, ಗೋದಾಮು, ಕಟ್ಟಡ ಕೆಲಸ ನಡೆಸುವವರೂ ಇದ್ದೀರಿ. ನಿಮ್ಮ ಗೇಟಿನ ಮುಂದೆ ಉಕ್ಕು ಹೊತ್ತ ಗಾಡಿ ಬಂದಾಗ ಬಂದ ಸಮಯ ಬರೆದು ಸಹಿ ಹಾಕಿಕೊಡಿ, ಇಳಿಸುವ ಹೊತ್ತನ್ನು ಮೊದಲೇ ತಿಳಿಸಿ, ನಿಮ್ಮಿಂದ ತಡವಾದರೆ ಹಾಲ್ಟಿಂಗ್ ಬಿಲ್ಲನ್ನು ತಕರಾರಿಲ್ಲದೆ ಕೊಡಿ, ಅದರಲ್ಲಿ ಚಾಲಕನ ಪಾಲು ಎಷ್ಟೆಂದು ಸಾಗಣೆಯವರನ್ನು ಕೇಳಿ. ಕೆಲಸಕ್ಕೆ ಸೇರುವ ಹುಡುಗರೇ, ನೀವೂ ಆ ಪ್ರಶ್ನೆಯನ್ನು ಕೀ ಹಿಡಿಯುವ ಮೊದಲೇ ಕೇಳಿ, ಉತ್ತರವನ್ನು ಕಾಗದದ ಮೇಲೆ ಪಡೆಯಿರಿ. ಕೇಳುವ ಚಾಲಕರು ಹೆಚ್ಚಿದಷ್ಟೂ ಕೊಡುವ ಕಂಪನಿಗಳೂ ಹೆಚ್ಚುತ್ತವೆ.