ಜೈವಿಕ ಇಂಧನದಲ್ಲಿ ಲೇಶಧಾತುಗಳು

ಕನ್ನಡಿಗರ ಹೊಂಗೆಯೇ ಆಂಧ್ರರ ಕಾನುಗ. ಅದರ ಎಣ್ಣೆಯಿಂದಲೂ, ವಿಶಾಖಪಟ್ಟಣ, ವಿಜಯವಾಡಗಳ ಉಪಾಹಾರಗೃಹಗಳಲ್ಲಿ ಕರಿದುಳಿದ ಎಣ್ಣೆಯಿಂದಲೂ ಬಯೋಡೀಸೆಲ್ ತಯಾರಿಸಬಹುದು. ಆದರೆ ತಯಾರಿಕೆಯ ಕ್ಷಾರದಿಂದ ಸೋಡಿಯಂ, ಪೊಟ್ಯಾಸಿಯಂಗಳೂ, ತೊಳೆಯುವ ಗಡಸುನೀರಿನಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂಗಳೂ, ಎಣ್ಣೆಯ ಸಹಜ ಅಂಟಿನಿಂದ ರಂಜಕವೂ ಅದರಲ್ಲಿ ಉಳಿಯಬಹುದು. ಇವು ಸಾಬೂನಿನ ಜಿಡ್ಡಾಗಿ ಇಂಧನದ ಸೋಸುಕವನ್ನು ಕಟ್ಟುತ್ತವೆ. ಉರಿದು ಬೂದಿಯಾಗಿ ಹೊಗೆಶೋಧಕವನ್ನು ಕೆಡಿಸುತ್ತವೆ. ಶೋಧಕ ಕೆಟ್ಟರೆ ಹಾನಿ ದಾರಿಹೋಕರ ಶ್ವಾಸಕೋಶಕ್ಕೆ.

ಆದುದರಿಂದಲೇ ಭಾರತೀಯ ಮಾನಕವು ಸೋಡಿಯಂ, ಪೊಟ್ಯಾಸಿಯಂಗಳೆರಡಕ್ಕೂ ಸೇರಿ ಕಿಲೋಗ್ರಾಮಿಗೆ 5 ಮಿಲಿಗ್ರಾಂ ಮಿತಿ ವಿಧಿಸಿದೆ. ಎಂದರೆ ಟನ್ನಿಗೆ ಕೇವಲ 5 ಗ್ರಾಂ!

ಮನೆಯಲ್ಲೂ ಇಂಥದೇ ಎಚ್ಚರ ಬೇಕು. ಕರಿದ ಎಣ್ಣೆಯಲ್ಲಿ ಧ್ರುವೀಯ ಸಂಯುಕ್ತಗಳು ಶೇಕಡಾ 25 ಮೀರಿದರೆ, 2018ರ ಜುಲೈ 1ರಿಂದ ಅದು ಅಡುಗೆಗೆ ನಿಷಿದ್ಧ. ಅಂಥ ಎಣ್ಣೆ ಬಾಣಲೆಗೆ ಮರಳದೆ, ಶುದ್ಧಗೊಂಡು ಯಂತ್ರವನ್ನು ಸೇರಲಿ.