ಹೊಟ್ಟೆಯ ಕೆಲಸ ಕಾರ್ಖಾನೆಯಲ್ಲಿ

ಪ್ರಶ್ನೆ: ನಮ್ಮ ತಂದೆಯವರಿಗೆ 72 ವರ್ಷ, ತೂಕ 60 ಕೆ.ಜಿ. ಜ್ವರದಿಂದ ಎದ್ದ ಮೇಲೆ ಸೊರಗಿದ್ದಾರೆ. ನಾವು ಸಸ್ಯಾಹಾರಿಗಳು. ಔಷಧಿ ಅಂಗಡಿಯವರು ‘ಪ್ರೋಟೀನ್ ಹೈಡ್ರೊಲೈಸೇಟ್’ ಡಬ್ಬಿ ತೋರಿಸಿ, ಬೇಗ ಮೈಗೆ ಹತ್ತುತ್ತದೆ ಅಂದರು. ಬೆಲೆ ಜಾಸ್ತಿ. ಕೊಡಲೇಬೇಕೆ ಡಾಕ್ಟ್ರೇ?
– ಓದುಗರು, ರುದ್ರಪಟ್ಟಣ

ಉತ್ತರ: ಪ್ರೋಟೀನ್ ಎಂದರೆ ಅಮೈನೊ ಆಮ್ಲಗಳೆಂಬ ಮಣಿಗಳ ಉದ್ದ ಸರ. ತಿಂದ ಬೇಳೆಯ ಸರವನ್ನು ಜಠರದ ಪೆಪ್ಸಿನ್, ಮೇದೋಜೀರಕ ಗ್ರಂಥಿಯ ಟ್ರಿಪ್ಸಿನ್ ಮುಂತಾದ ಕಿಣ್ವಗಳು ತುಂಡರಿಸಿದ ಮೇಲೆಯೇ ಕರುಳು ಹೀರಿಕೊಳ್ಳುವುದು. ಆ ಕೆಲಸವನ್ನು ಮೊದಲೇ ಕಾರ್ಖಾನೆಯ ತೊಟ್ಟಿಯಲ್ಲಿ ಮುಗಿಸಿಟ್ಟರೆ ಅದೇ ಹೈಡ್ರೊಲೈಸೇಟ್. ಹಾಲಿನ ಅಥವಾ ಸೋಯಾದ ಪ್ರೋಟೀನನ್ನು ನೀರಿನಲ್ಲಿ ಕದಡಿ, ಹದವಾದ ಬಿಸಿಯಲ್ಲಿ ಕಿಣ್ವ ಬೆರೆಸುತ್ತಾರೆ. ಬೇಕಾದಷ್ಟು ತುಂಡಾದ ಮೇಲೆ ಜೋರಾಗಿ ಕಾಯಿಸಿ ಕಿಣ್ವವನ್ನು ಅಡಗಿಸಿ, ಒಣಗಿಸಿ ಪುಡಿ ಮಾಡುತ್ತಾರೆ. ಪರಂಗಿಕಾಯಿ ಗೀರಿದರೆ ಒಸರುವ ಹಾಲಿನಲ್ಲಿರುವ ಪಪೇನ್ ಅಂಥದೊಂದು ಕಿಣ್ವ. 1950ರಿಂದ ಮೈಸೂರಿನಲ್ಲಿರುವ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳಿಗೂ ಇದು ಪರಿಚಿತ ವಿದ್ಯೆ.

ತುಂಡಾದದ್ದು ಬೇಗ ರಕ್ತ ಸೇರುತ್ತದೆ, ನಿಜ. ಅದರಿಂದ ಪ್ರೋಟೀನ್ ಹೆಚ್ಚಾಗುವುದಿಲ್ಲ. ಜೀರ್ಣಶಕ್ತಿ ನೆಟ್ಟಗಿದ್ದವರು ಹೊಟ್ಟೆ ಬಿಟ್ಟಿಯಾಗಿ ಮಾಡುವ ಕೆಲಸಕ್ಕೆ ದುಡ್ಡು ತೆರಬೇಕಿಲ್ಲ. ಆರೋಗ್ಯವಂತ ವಯಸ್ಕರಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಲೆಕ್ಕ ದಿನಕ್ಕೆ ಕೆ.ಜಿ. ತೂಕಕ್ಕೆ 0.83 ಗ್ರಾಂ. ವಯಸ್ಸಾಗಿ ಕಾಯಿಲೆಯಿಂದ ಎದ್ದವರಿಗೆ ತುಸು ಹೆಚ್ಚು ಬೇಕು; ಮೂತ್ರಪಿಂಡ ಚೆನ್ನಾಗಿದ್ದರೆ ನಿಮ್ಮ ತಂದೆಯವರಿಗೆ ದಿನಕ್ಕೆ 60–70 ಗ್ರಾಂ ಇರಲಿ. ಕಾಲು ಲೀಟರ್ ಹಾಲಿನಲ್ಲಿ ಸುಮಾರು 8 ಗ್ರಾಂ, 30 ಗ್ರಾಂ ಬೇಳೆಯ ತೊವ್ವೆಯಲ್ಲಿ 6–7 ಗ್ರಾಂ ಸಿಗುತ್ತದೆ. ಕಾಳಿನ ಹುಳಿ, ಮೊಸರು, ಕಡಲೆಕಾಯಿಬೀಜವನ್ನು ಮೂರು ಹೊತ್ತಿಗೂ ಹಂಚಿ ಕೊಡಿ. ಹಾಗೂ ತೂಕ ಇಳಿಯುತ್ತಿದ್ದರೆ ಡಬ್ಬಿ ಹುಡುಕಬೇಡಿ, ಕಾರಣ ಹುಡುಕಿಸಿ.

ಪ್ರಶ್ನೆ: ನಾಲ್ಕು ತಿಂಗಳ ಮಗುವಿಗೆ ಡಬ್ಬಿ ಹಾಲು ಕುಡಿಸಿದಾಗಿನಿಂದ ಮಲದಲ್ಲಿ ರಕ್ತ. ಹಾಲಿನ ಅಲರ್ಜಿ ಎಂದು ಮಕ್ಕಳ ಡಾಕ್ಟರು ಹೈಡ್ರೊಲೈಸ್ಡ್ ಫಾರ್ಮುಲಾ ಬರೆದಿದ್ದಾರೆ. ಕಹಿಗೆ ಮಗು ಮುಖ ಸಿಂಡರಿಸುತ್ತದೆ. ಮೇಕೆ ಹಾಲು ಕೊಡು ಅನ್ನುತ್ತಾರೆ ನಮ್ಮತ್ತೆ.
– ಓದುಗರು, ಹೊಳೆನರಸೀಪುರ

ಉತ್ತರ: ಬೇಡಮ್ಮ. ಮೇಕೆ ಹಾಲಿನ ಪ್ರೋಟೀನ್ ಹಸುವಿನದನ್ನೇ ಹೋಲುತ್ತದೆ, ಅಲರ್ಜಿ ಮರುಕಳಿಸೀತು. ಇಂಥ ಮಗುವಿಗೇ ಹೈಡ್ರೊಲೈಸೇಟ್ ನಿಜವಾಗಿ ಬೇಕಾಗುವುದು. ಸರ ಚೂರುಚೂರಾದರೆ ದೇಹದ ಕಾವಲುಗಾರರಿಗೆ ಅದರ ಗುರುತು ಸಿಗುವುದು ಕಷ್ಟ. ಸರದ ಮಡಿಕೆಯೊಳಗೆ ಅಡಗಿದ್ದ ಕೆಲವು ಅಮೈನೊ ಆಮ್ಲಗಳು ಕತ್ತರಿಸಿದಾಗ ಹೊರಗೆ ಬರುವುದರಿಂದಲೇ ಕಹಿ. ಅದು ಕೆಟ್ಟ ಪುಡಿಯ ಲಕ್ಷಣವಲ್ಲ. ‘ಭಾಗಶಃ ಹೈಡ್ರೊಲೈಸ್ಡ್’ ಎಂದಿರುವುದು ಅಲರ್ಜಿಗೆ ಸಾಲದು, ಕೊಳ್ಳುವಾಗ ಓದಿ. ಎದೆಹಾಲು ಇದ್ದರೆ ನಿಲ್ಲಿಸಬೇಡಿ. ನಿಮ್ಮ ಊಟದಲ್ಲಿ ಹಾಲು, ಮೊಸರು ಬಿಡಬೇಕೆ ಎಂದು ಡಾಕ್ಟರನ್ನು ಕೇಳಿ.

ಪ್ರಶ್ನೆ: ಬಿಪಿ ಇದೆ. ಸೂಪಿನ ಪೊಟ್ಟಣದ ಮೇಲೆ ‘ಹೈಡ್ರೊಲೈಸ್ಡ್ ವೆಜಿಟೇಬಲ್ ಪ್ರೋಟೀನ್’ ಎಂದಿದೆ. ಪುಷ್ಟಿಗೆ ಒಳ್ಳೆಯದಲ್ಲವೆ?
– ಓದುಗರು, ಚನ್ನರಾಯಪಟ್ಟಣ

ಉತ್ತರ: ಅದನ್ನು ಹಾಕುವುದು ರುಚಿಗೆ, ಪುಷ್ಟಿಗಲ್ಲ. ಇದನ್ನು ಸಾಮಾನ್ಯವಾಗಿ ಕಿಣ್ವದ ಬದಲು ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಬೇಯಿಸಿ ತಯಾರಿಸುತ್ತಾರೆ. ಕೊನೆಗೆ ಆಮ್ಲದ ಹುಳಿ ಮುರಿಯಲು ಸೋಡಾ ಹಾಕಿದಾಗ ಅಡುಗೆ ಉಪ್ಪೇ ಹುಟ್ಟಿ ಅದರಲ್ಲಿ ಉಳಿಯುತ್ತದೆ. ಪೊಟ್ಟಣದ ಹಿಂದೆ ಸೋಡಿಯಂ ಎಷ್ಟೆಂದು ನೋಡಿ. ಆ ರುಚಿ ಕೊಡುವ ಗ್ಲುಟಮೇಟ್ ಟೊಮೇಟೊದಲ್ಲೂ ಇದೆ. ಉಪ್ಪು ಕಡಿಮೆ ಹಾಕಿದ ಟೊಮೇಟೊ ಸಾರು ನಿಮಗೆ ವಾಸಿ.